ಗಡಿಯಾರವಿಲ್ಲದ ಊರಿಗೆ ಹೋಗುವವರು

ಲಾಸ್ ವೇಗಸ್ ಎಂಬುದು ಸ್ಪ್ಯಾನಿಷ್ ಮಾತು. ಹುಲ್ಲುಗಾವಲುಗಳು ಎಂದು ಅದರ ಅರ್ಥ. ಅಮೆರಿಕದ ನೆವಾಡ ರಾಜ್ಯದ ಮೊಹಾವಿ ಮರುಭೂಮಿಯಲ್ಲಿ, ವರ್ಷಕ್ಕೆ ಸರಾಸರಿ ಹತ್ತು ಹನ್ನೊಂದು ಸೆಂಟಿಮೀಟರು ಮಳೆ ಬೀಳುವ ಬಯಲಿಗೆ ಈ ಹೆಸರು ಬಂದುದು ವ್ಯಂಗ್ಯದಿಂದಲ್ಲ. ಅಲ್ಲಿ ನಿಜವಾಗಿಯೂ ಒರತೆಗಳಿದ್ದವು, ಒರತೆಗಳ ಸುತ್ತ ಹಸುರಿತ್ತು. ದಕ್ಷಿಣ ಪಾಯೂಟ್ ಜನರು ಬಹುಕಾಲದಿಂದ ಆ ನೀರನ್ನು ಆಶ್ರಯಿಸಿ ಬದುಕಿದ್ದರು. ನ್ಯೂ ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯಕ್ಕೆ ದಾರಿ ಅರಸಿ ಹೊರಟ ವರ್ತಕರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ತಂಗಿದರು. 1855ರಲ್ಲಿ ಮಾರ್ಮನ್ ಪಂಥದವರು ಮಣ್ಣಿನ ಕೋಟೆ ಕಟ್ಟಿದರು. 1905ರ ಮೇ 15ರಂದು ರೈಲ್ವೆ ಸಂಸ್ಥೆಯು ನಿವೇಶನಗಳನ್ನು ಹರಾಜು ಹಾಕಿತು. ಇಂದಿನ ನಗರದ ಹುಟ್ಟು ಅದೇ. 1931ರಲ್ಲಿ ನೆವಾಡ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. 1962ರ ಹೊತ್ತಿಗೆ ಒರತೆಗಳು ಬತ್ತಿಹೋದವು. ಹುಲ್ಲುಗಾವಲು ಹೋಗಿ ಹೆಸರು ಉಳಿಯಿತು.

ಊರ ಹೆಸರುಗಳ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೆರೆ ಬತ್ತಿದ ಮೇಲೂ ‘ಕೆರೆ’ ಎಂದೇ ಕರೆಯಿಸಿಕೊಳ್ಳುವ ಹಳ್ಳಿಗಳು ಕನ್ನಡ ನಾಡಿನಲ್ಲಿ ಎಷ್ಟಿಲ್ಲ! ಆದರೆ ಈ ಊರಿಗೆ ಮೊದಲ ಸಲ ಹೋಗುವವರು ಹೆಸರಿನ ಅರ್ಥವನ್ನು ತಿಳಿದುಕೊಂಡು ಹೋಗುವುದು ಲೇಸು. ಕಣ್ಣು ಕೋರೈಸುವ ದೀಪಗಳ ಕೆಳಗೆ ಇರುವುದು ಮರುಭೂಮಿ ಎಂಬ ಅರಿವು ಉಳಿದಿದ್ದರೆ ಮುಂದಿನ ಎಲ್ಲ ಎಚ್ಚರಿಕೆಗಳೂ ತಾವಾಗಿಯೇ ಬರುತ್ತವೆ.

ಇತ್ತೀಚಿನ ದಶಕಗಳಲ್ಲಿ ಕನ್ನಡಿಗರಿಗೂ ಈ ಊರಿಗೂ ಒಂದು ನಂಟು ಬೆಳೆದಿದೆ. ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಂದೆತಾಯಿಯರನ್ನು ಕರೆಯಿಸಿಕೊಳ್ಳುತ್ತಾರೆ. ಗ್ರ್ಯಾಂಡ್ ಕ್ಯಾನಿಯನ್ ತೋರಿಸಬೇಕೆಂದು ಹೊರಟಾಗ ನಡುವೆ ಎರಡು ರಾತ್ರಿ ಲಾಸ್ ವೇಗಸ್‌ನಲ್ಲಿ ತಂಗುತ್ತಾರೆ. ಹಳೆಯ ಮೈಸೂರು ಸೀಮೆಯ ಒಬ್ಬ ನಿವೃತ್ತ ಅಧ್ಯಾಪಕರೂ ಅವರ ಪತ್ನಿಯೂ ಹೀಗೆಯೇ ಅಲ್ಲಿಗೆ ಹೋದರು. ಮೂವತ್ತು ವರ್ಷ ಪದವಿ ತರಗತಿಗಳಿಗೆ ಕಾವ್ಯ ಪಾಠ ಹೇಳಿದವರು ಅವರು. ಪತ್ನಿ ಶ್ರಾವಕಿ, ಮದುವೆಗೂ ಮುಂಚಿನಿಂದ ರಾತ್ರಿಭೋಜನ ತ್ಯಾಗದ ವ್ರತವನ್ನು ನಡೆಸಿಕೊಂಡು ಬಂದವರು. ಸೂರ್ಯ ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಆ ದಂಪತಿಗೆ ಅಲ್ಲಿ ಆದ ಒಂದು ಸಣ್ಣ ಘಟನೆ, ಹೋಗಲಿರುವವರಿಗೆ ಹತ್ತು ಕೈಪಿಡಿಗಳಿಗಿಂತ ಹೆಚ್ಚಿನದನ್ನು ಹೇಳಬಲ್ಲದು. ಅದಕ್ಕೆ ಮುಂಚೆ ದಾರಿಯ ವಿಚಾರ.

ಹೋಗುವ ಕಾಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಮಾರ್ಚ್‌ನಿಂದ ಮೇ ಮೊದಲ ಭಾಗದವರೆಗೆ, ಇಲ್ಲವೆ ಅಕ್ಟೋಬರ್-ನವೆಂಬರ್‌ನಲ್ಲಿ ಹೋಗಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಲವತ್ತು ಡಿಗ್ರಿ ಸೆಲ್ಸಿಯಸ್ ಮೀರುವುದು ಅಲ್ಲಿ ದಿನನಿತ್ಯದ ಮಾತು. 2024ರ ಜುಲೈ 7ರಂದು 48.9 ಡಿಗ್ರಿ ದಾಖಲಾಯಿತು. ಊರಿನ ದಾಖಲೆಗಳಲ್ಲಿ ಅದೇ ಅತ್ಯಧಿಕ. ರಾಯಚೂರು, ಕಲಬುರಗಿಗಳ ಬಿಸಿಲನ್ನು ಉಂಡವರು ‘ನಮಗೆ ಇದು ಹೊಸದೇ’ ಎಂದು ಹೇಳುವುದುಂಟು. ಆದರೆ ಅಲ್ಲಿನ ಗಾಳಿಯಲ್ಲಿ ತೇವವೇ ಇಲ್ಲ. ಬೆವರು ಮೂಡಿದ ಕೂಡಲೇ ಆರಿಹೋಗುವುದರಿಂದ ಬೆವರುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಬಾಯಾರಿಕೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ನೀರನ್ನು ಬಾಯಾರಿಕೆಗಾಗಿ ಅಲ್ಲ, ಹೊತ್ತುಹೊತ್ತಿಗೆ ಲೆಕ್ಕ ಹಿಡಿದು ಕುಡಿಯಬೇಕು. ಬರಿಗಾಲಿನಲ್ಲಿ ಕಾಲಿಡುವಂತಿಲ್ಲ, ಡಾಂಬರು ಅಂಗಾಲನ್ನು ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನಾಗಲಿ ವೃದ್ಧರನ್ನಾಗಲಿ ಒಂದು ನಿಮಿಷವೂ ಬಿಡಬಾರದು. ಹೊರಗೆ ಬೆಂಕಿ, ಒಳಗೆ ಹವಾನಿಯಂತ್ರಣದ ಚಳಿ. ಬೇಸಗೆಯಲ್ಲೂ ಒಂದು ಶಾಲು ಜೊತೆಗಿರಬೇಕು. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿಯಂತೂ ನೀರು ಹೆಪ್ಪುಗಟ್ಟುವ ಸನಿಹಕ್ಕೆ ಉಷ್ಣಾಂಶ ಇಳಿಯುತ್ತದೆ.

ಎರಡನೆಯ ವಿಚಾರ ಊರಿನ ನೆಲದ್ದು. ಚಿತ್ರಗಳಲ್ಲಿ ಲಾಸ್ ವೇಗಸ್ ಎಂದು ಕಾಣುವ ಹೆದ್ದಾರಿಯನ್ನು ಸ್ಟ್ರಿಪ್ ಎನ್ನುತ್ತಾರೆ. ಸುಮಾರು ಏಳು ಕಿಲೋಮೀಟರ್ ಉದ್ದದ ಈ ಬೀದಿಯ ಬಹುಭಾಗ ಲಾಸ್ ವೇಗಸ್ ನಗರದ ಎಲ್ಲೆಯೊಳಗೆ ಇಲ್ಲವೇ ಇಲ್ಲ. ಅದು ಕ್ಲಾರ್ಕ್ ಕೌಂಟಿಯ ನೇರ ಆಡಳಿತಕ್ಕೆ ಸೇರಿದ ಪ್ಯಾರಡೈಸ್ ಎಂಬ ಪ್ರದೇಶ. ಸ್ವರ್ಗವೆಂಬ ಹೆಸರಿನ ಜಾಗ ಊರ ಹೊರಗಿದೆ. ಹಳೆಯ ಊರು ಇರುವುದು ಉತ್ತರಕ್ಕೆ, ಫ್ರೀಮಾಂಟ್ ಬೀದಿಯ ಸುತ್ತ. ಸ್ಟ್ರಿಪ್‌ನ ಮೊದಲ ಕ್ಯಾಸಿನೊ ವಸತಿಗೃಹ ಎಲ್ ರ್‍ಯಾಂಚೊ ವೇಗಸ್ ತೆರೆದದ್ದು 1941ರಲ್ಲಿ. ಫ್ಲಮಿಂಗೊ 1946ರ ಡಿಸೆಂಬರ್‌ನಲ್ಲಿ. ಈ ಬೀದಿಯಲ್ಲಿ ಹಳತು ಉಳಿಯುವುದಿಲ್ಲ. 1957ರ ಟ್ರಾಪಿಕಾನಾವನ್ನು 2024ರ ಅಕ್ಟೋಬರ್‌ನಲ್ಲಿ ಸ್ಫೋಟಕಗಳಿಂದ ಉರುಳಿಸಿದರು. ಆದ್ದರಿಂದ ಹತ್ತು ವರ್ಷದ ಹಿಂದೆ ಹೋಗಿಬಂದವರ ಮಾತನ್ನು ನಂಬಿ ದಾರಿ ಗುರುತಿಟ್ಟುಕೊಳ್ಳಬಾರದು.

ಕಟ್ಟಡಗಳ ಗಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ‘ಅಗೋ, ಎದುರಿಗೇ ಇದೆ’ ಎನ್ನಿಸುವ ಕಟ್ಟಡಕ್ಕೆ ನಡೆದು ಹೋಗಲು ಅರ್ಧ ಗಂಟೆ ಬೇಕಾಗಬಹುದು. ರಸ್ತೆ ದಾಟಲು ಮೇಲ್ಸೇತುವೆ ಹತ್ತಿ ಇಳಿಯಬೇಕು. ಸೇತುವೆ ಇಳಿದರೆ ನೇರ ಯಾವುದೋ ಕ್ಯಾಸಿನೊದ ಬಾಗಿಲು. ಮೊಣಕಾಲು ನೋವಿರುವವರು ಸ್ಟ್ರಿಪ್ ಉದ್ದಕ್ಕೂ ಇಪ್ಪತ್ತನಾಲ್ಕು ಗಂಟೆ ಓಡುವ ಡ್ಯೂಸ್ ಬಸ್ಸನ್ನು ನೆಚ್ಚಿಕೊಳ್ಳುವುದು ಒಳ್ಳೆಯದು. ಬೀದಿಯ ಪೂರ್ವ ಮಗ್ಗುಲಿನಲ್ಲಿ ಮೊನೊರೈಲು ಇದೆ. ವಸತಿಯ ದರದಲ್ಲೂ ಒಂದು ಮರೆ ಇರುತ್ತದೆ. ಕೋಣೆಯ ಬಾಡಿಗೆಯಲ್ಲದೆ ‘ರೆಸಾರ್ಟ್ ಫೀ’ ಎಂಬ ಹೆಸರಿನಲ್ಲಿ ದಿನಕ್ಕಿಷ್ಟು ಎಂದು ಬೇರೆ ತೆರಬೇಕು. ಅಗ್ಗದ ಕೋಣೆಗಳಲ್ಲಿ ಅದು ಬಾಡಿಗೆಯಷ್ಟೇ ಆಗುವುದೂ ಉಂಟು. ಕಾರು ನಿಲ್ಲಿಸಲು ಅನೇಕ ಕಡೆ ಬೇರೆ ಶುಲ್ಕ. ಎಲ್ಲವನ್ನೂ ಕೂಡಿಸಿದ ಮೊತ್ತವನ್ನು ನೋಡಿಯೇ ಕೋಣೆ ಕಾಯ್ದಿರಿಸಬೇಕು. ಶುಕ್ರವಾರ, ಶನಿವಾರಗಳ ದರ ವಾರದ ನಡುವಣ ದರಕ್ಕಿಂತ ಬಹಳ ಹೆಚ್ಚು. ಭಾನುವಾರ ಮಧ್ಯಾಹ್ನ ಕ್ಯಾಲಿಫೋರ್ನಿಯದತ್ತ ಮರಳುವ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ.

ಒಳಗೆ ಕಾಲಿಟ್ಟ ಮೇಲೆ ಇನ್ನೊಂದು ಲೋಕ. ಕೋಣೆಯ ಬೀಗದ ಕಾರ್ಡು ಪಡೆಯಲು, ಊಟಕ್ಕೆ ಹೋಗಲು, ಲಿಫ್ಟಿಗೆ ಹೋಗಲು, ಹೊರಗೆ ಬರಲು ಸಾಮಾನ್ಯವಾಗಿ ಜೂಜಿನ ಸಭಾಂಗಣವನ್ನು ಹಾದೇ ಹೋಗಬೇಕು. ನೇರ ದಾರಿ ಇರುವುದಿಲ್ಲ. ದಾರಿ ಬಾಗುತ್ತಲೇ ಇರುತ್ತದೆ. ಕಿಟಕಿಗಳಿಲ್ಲ. ಗೋಡೆಯ ಮೇಲೆ ಗಡಿಯಾರವಿಲ್ಲ. ಕೆಲವು ಮಳಿಗೆಗಳ ಸಾಲಿನಲ್ಲಿ ಚಾವಣಿಗೆ ಆಕಾಶವನ್ನೇ ಬರೆದಿದ್ದಾರೆ. ನೀಲಿಯ ಮೇಲೆ ಬಿಳಿ ಮೋಡ. ನಡುರಾತ್ರಿಯಲ್ಲಿ ನಿಂತರೂ ಅಲ್ಲಿ ಹಗಲು. ವಾಸ್ತುಶಿಲ್ಪವನ್ನು ಓದುವವರಿಗೆ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್, ಸ್ಟೀವನ್ ಐಝನೂರ್ ಅವರು 1972ರಲ್ಲಿ ಹೊರತಂದ ಗ್ರಂಥ ಪರಿಚಿತ. ಈ ಬೀದಿಯ ಫಲಕಗಳೂ ಕಟ್ಟಡಗಳೂ ವಿದ್ವತ್ತಿನ ವಸ್ತುವಾದದ್ದು ಅದರಿಂದ. 2012ರಲ್ಲಿ ಮಾನವಶಾಸ್ತ್ರಜ್ಞೆ ನಟಾಶಾ ಡೌ ಷುಲ್ ಅವರು ಇದೇ ಊರಿನ ಜೂಜಿನ ಯಂತ್ರಗಳ ಬಗೆಗೆ ಬರೆದರು. ಯಂತ್ರದ ಮುಂದೆ ಕುಳಿತವರು ಅರಸುವುದು ಗೆಲುವನ್ನಲ್ಲ; ಕಾಲ, ದೇಹ, ಸುತ್ತಲ ಲೋಕ ಎಲ್ಲವೂ ಮರೆಯಾಗುವ ಒಂದು ಸ್ಥಿತಿಯನ್ನು ಎಂಬುದು ಅವರ ಅಧ್ಯಯನದ ತಿರುಳು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಮಾತು ಹೊಸದಲ್ಲ. ಸಂಸ್ಕೃತದ ‘ದ್ಯೂತ’ವು ಪ್ರಾಕೃತದ ದಾರಿಯಾಗಿ ‘ಜೂಜು’ ಆಗಿ ಬಂದಿತು. ಅದಲ್ಲದೆ ಹಳಗನ್ನಡಕ್ಕೆ ‘ನೆತ್ತ’ ಎಂಬ ತನ್ನದೇ ಶಬ್ದವಿತ್ತು. ಪಂಪಭಾರತದಲ್ಲಿ ಭಾನುಮತಿಯೂ ಕರ್ಣನೂ ಆಡಿದ್ದು ನೆತ್ತವನ್ನೇ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಅಳಲುವ ಜೂಜುಗಾರನ ಹಿಂದೆ ಅವನ ಹೆಂಡತಿ, ತಾಯಿ ಇಬ್ಬರೂ ನಿಂತಿದ್ದಾರೆ. ಜೈನರು ಎಣಿಸುವ ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಮಾಂಸ, ಮದ್ಯ, ಕಳವುಗಳಿಗಿಂತ ಮೊದಲು ಅದನ್ನು ಏಕೆ ಎಣಿಸಿದರು? ಉಳಿದ ಆರಕ್ಕೂ ಬಾಗಿಲು ತೆರೆಯುವುದು ಅದೇ ಎಂದು ಹೇಳುವ ವಾಡಿಕೆಯುಂಟು. ಇನ್ನೊಂದು ಕಾರಣವನ್ನೂ ಊಹಿಸಬಹುದು. ಉಳಿದವುಗಳಲ್ಲಿ ಮನುಷ್ಯ ತಾನು ಮಾಡುತ್ತಿರುವುದನ್ನು ಅರಿತಿರುತ್ತಾನೆ. ಜೂಜಿನಲ್ಲಿ ಮಾತ್ರ ‘ಇನ್ನೇನು ಎದ್ದುಬಿಡುತ್ತೇನೆ’ ಎಂದುಕೊಳ್ಳುತ್ತಲೇ ಕುಳಿತಿರುತ್ತಾನೆ.

ಆಟ ಆಡಲೇಬಾರದೆಂದು ಪ್ರವಾಸಿಗರೆಲ್ಲರಿಗೂ ಹೇಳಿ ಪ್ರಯೋಜನವಿಲ್ಲ. ಯುಗಾದಿಯ ಮರುದಿನ ಮರದ ಕೆಳಗೆ ಇಸ್ಪೀಟು ಹರಡಿಕೊಳ್ಳುವ, ಅಂದರ್ ಬಾಹರ್ ಎಂದು ನೋಟು ಎಸೆಯುವ ವಾಡಿಕೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಆಡುವವರು ಲೆಕ್ಕವನ್ನಾದರೂ ತಿಳಿದಿರಬೇಕು. ಅಮೆರಿಕದ ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗಿನ ಮನೆಗಳು, ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ; ಒಟ್ಟು 38. ಪ್ರತಿ ಮನೆಗೂ ಒಂದೊಂದು ಡಾಲರ್ ಇಟ್ಟರೆ ಗೆಲುವು ಖಂಡಿತ. ಆದರೆ ಕೈಗೆ ಬರುವುದು ಗೆದ್ದ 35, ಇಟ್ಟ ಒಂದು, ಒಟ್ಟು 36 ಮಾತ್ರ. 38 ಕೊಟ್ಟು 36 ಪಡೆದ ಹಾಗಾಯಿತು. ಮನೆಯವರ ಪಾಲು ನೂರಕ್ಕೆ 5.26. ಒಂದೇ ಸೊನ್ನೆಯ ಚಕ್ರದಲ್ಲಿ ಅದು 2.70ಕ್ಕೆ ಇಳಿಯುತ್ತದೆ, ಈಚೆಗೆ ಬಂದಿರುವ ಮೂರು ಸೊನ್ನೆಯ ಚಕ್ರದಲ್ಲಿ 7.69ಕ್ಕೆ ಏರುತ್ತದೆ. ಬ್ಲ್ಯಾಕ್‌ಜಾಕ್ ಮೇಜಿನ ಮೇಲೆ ಬರೆದಿರುವ ಅನುಪಾತವನ್ನು ಓದಿಯೇ ಕೂರಬೇಕು: 3ಕ್ಕೆ 2 ಎಂದಿದ್ದರೆ ಹಳೆಯ ಕ್ರಮ, 6ಕ್ಕೆ 5 ಎಂದಿದ್ದರೆ ಆಟಗಾರನಿಗೆ ನಷ್ಟ ಹೆಚ್ಚು. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲವೂ ಮೇಜಿನ ಮೇಲೆ ಕಾಣುವಂತೆಯೇ ಇದೆ. ಶಕುನಿಯ ದಾಳಗಳಲ್ಲಿ ಮಾಯೆಯಿತ್ತೆಂದು ಹೇಳುತ್ತಾರೆ. ಇಲ್ಲಿ ಮಾಯೆಯ ಅಗತ್ಯವಿಲ್ಲ, ಗಣಿತವೇ ಸಾಕು.

ಗುಂಡಿ ಒತ್ತುವ ಯಂತ್ರಗಳ ಲೆಕ್ಕ ಇನ್ನೂ ಕಠಿಣ. ನೆವಾಡದ ನಿಯಮದಂತೆ ಯಂತ್ರವು ದೀರ್ಘಕಾಲದ ಸರಾಸರಿಯಲ್ಲಿ ನೂರಕ್ಕೆ ಕನಿಷ್ಠ 75ನ್ನು ಹಿಂದಿರುಗಿಸಬೇಕು. ಹೆಚ್ಚಿನವು ಅದಕ್ಕಿಂತ ಅಧಿಕವನ್ನೇ ಕೊಡುತ್ತವೆ. ನೂರಕ್ಕೆ 90 ಕೊಡುವ ಯಂತ್ರವೆಂದೇ ಇಟ್ಟುಕೊಳ್ಳೋಣ. ನಿಮಿಷಕ್ಕೆ ಹತ್ತು ಸಲ, ಸಲಕ್ಕೆ ಒಂದು ಡಾಲರಿನಂತೆ ಒತ್ತುವವನು ಗಂಟೆಗೆ 600 ಡಾಲರನ್ನು ಪಣಕ್ಕಿಡುತ್ತಾನೆ. ಸರಾಸರಿ 60 ಡಾಲರ್ ಕಳೆಯುತ್ತಾನೆ. ಜೇಬಿನಲ್ಲಿದ್ದುದು ಇಪ್ಪತ್ತೇ ಆಗಿದ್ದರೂ ಗೆದ್ದದ್ದನ್ನು ಮತ್ತೆ ಮತ್ತೆ ಇಡುವುದರಿಂದ ಪಣದ ಮೊತ್ತ ಹಾಗೆ ಬೆಳೆಯುತ್ತದೆ. ವೇಗವೇ ಅಲ್ಲಿನ ನಿಜವಾದ ಬೆಲೆ.

ಆಚಾರಗಳು ಕೆಲವಿವೆ. ಇಪ್ಪತ್ತೊಂದು ತುಂಬದವರು ಆಡುವಂತಿಲ್ಲ, ಆಟದ ಬಳಿ ನಿಂತಿರುವಂತೆಯೂ ಇಲ್ಲ. ಮಕ್ಕಳನ್ನು ಕರೆದುಕೊಂಡು ನಿಲ್ಲದೆ ಹಾದುಹೋಗಬಹುದು. ತಲೆ ನರೆತವರನ್ನೂ ಗುರುತಿನ ಪತ್ರ ಕೇಳಬಹುದಾದ್ದರಿಂದ ಪಾಸ್‌ಪೋರ್ಟ್ ಬಳಿಯಿರಬೇಕು. ಮೇಜಿನ ಆಟದಲ್ಲಿ ಹಣವನ್ನು ಎಲೆ ಹಂಚುವವರ ಕೈಗೆ ಕೊಡಬಾರದು, ಮೇಜಿನ ಮೇಲೆ ಇಡಬೇಕು. ಪಣವಿಟ್ಟ ಮೇಲೆ ಬಿಲ್ಲೆಗಳನ್ನು ಮುಟ್ಟಬಾರದು. ಕೇಳದೆ ಚಿತ್ರ ತೆಗೆಯಬಾರದು. ಆಡುವವರಿಗೆ ಪಾನೀಯ ಉಚಿತವಾಗಿ ಬರುತ್ತದೆ, ತಂದವರಿಗೆ ಒಂದೆರಡು ಡಾಲರ್ ಇನಾಮು ಕೊಡುವುದು ವಾಡಿಕೆ. ಆದರೆ ಬುದ್ಧಿಯನ್ನು ಮಂಕು ಮಾಡುವ ಉಚಿತ ವಸ್ತು ಲೆಕ್ಕದಲ್ಲಿ ಎಲ್ಲಿ ಬಂದು ಸೇರುತ್ತದೆಂದು ಹೇಳಬೇಕಾಗಿಲ್ಲ. ಕ್ಯಾಸಿನೊದೊಳಗಿನ ಎಟಿಎಂ ಯಂತ್ರಗಳ ಶುಲ್ಕ ಹೊರಗಿಗಿಂತ ಬಹಳ ಹೆಚ್ಚು. ಅವುಗಳ ಬಳಿಗೆ ಹೋಗಬೇಕಾಗಿ ಬಂತೆಂದರೆ ಆಟ ಮುಗಿಯಿತೆಂದೇ ತಿಳಿಯುವುದು ಒಳಿತು. ಯಂತ್ರದಲ್ಲಿ ದೊಡ್ಡ ಮೊತ್ತ ಗೆದ್ದ ವಿದೇಶೀಯರಿಂದ ನೂರಕ್ಕೆ 30ರಂತೆ ತೆರಿಗೆ ಮುರಿದುಕೊಳ್ಳುತ್ತಾರೆ. ಅಲ್ಲಿ ಅಂಗಡಿಯಲ್ಲೇ ಮಾರುವ ಗಾಂಜಾ ರಾಜ್ಯದ ಕಾನೂನಿಗೆ ಸಮ್ಮತವಾದರೂ ಒಕ್ಕೂಟದ ಕಾನೂನಿಗೆ ವಿರುದ್ಧ. ವೀಸಾದ ಮೇಲೆ ಇರುವ ತರುಣರು ಇದನ್ನು ಮರೆಯಬಾರದು.

ಇನ್ನು ಆ ದಂಪತಿಯ ಮಾತು. ಅವರು ಹೋದದ್ದು ಜೂನ್ ತಿಂಗಳಲ್ಲಿ. ಮಗನಿಗೆ ರಜೆ ದೊರೆತದ್ದು ಆಗಲೇ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಸುಮಾರಿಗೆ. ಚಪಾತಿ, ಪಲ್ಯ, ಚಿತ್ರಾನ್ನ ಕೋಣೆಯಲ್ಲಿ ಸಿದ್ಧವಾಗಿದ್ದವು. ಮಗ ಮರುದಿನದ ಪ್ರಯಾಣಕ್ಕೆ ಬೇಕಾದುದನ್ನು ಕೊಳ್ಳಲು ಹೊರಗೆ ಹೋಗಿದ್ದ. ಪತ್ನಿ ಬಾಗಿಲ ಬಳಿ ಕುಳಿತು ಪಶ್ಚಿಮದ ಬೆಟ್ಟಗಳನ್ನು ನೋಡುತ್ತಿದ್ದರು. ‘ಒಂದು ಸುತ್ತು ನೋಡಿಕೊಂಡು ಬರುತ್ತೇನೆ, ಏಳು ಗಂಟೆಗೆ ಮೇಲಕ್ಕೆ ಹೋಗೋಣ’ ಎಂದು ಅಧ್ಯಾಪಕರು ಒಳಗೆ ಹೋದರು. ಕೋಣೆಯ ಬೀಗದ ಕಾರ್ಡು ಅವರ ಜೇಬಿನಲ್ಲಿತ್ತು.

ಇಪ್ಪತ್ತು ಡಾಲರಿಗಿಂತ ಹೆಚ್ಚು ಆಡುವುದಿಲ್ಲವೆಂದು ಅವರು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದರು. ಹೇಳಿದ್ದು ಯಾರಿಗೂ ಇಲ್ಲ. ಹತ್ತು ನಿಮಿಷದಲ್ಲಿ ಇಪ್ಪತ್ತು ಅರವತ್ತೆರಡಾಯಿತು. ಯಂತ್ರ ಹಾಡಿತು, ದೀಪ ಮಿನುಗಿತು. ಗೆದ್ದ ಹಣವೇ ತಾನೇ ಎಂದು ಮುಂದುವರಿಸಿದರು. ಅರವತ್ತೆರಡು ಕರಗಿತು. ಕಳೆದದ್ದನ್ನು ಮಾತ್ರ ಮರಳಿ ಪಡೆದು ಏಳೋಣವೆಂದು ಇನ್ನೊಂದು ನೋಟು ತೂರಿಸಿದರು; ಆಮೇಲೆ ಮತ್ತೊಂದು, ಮಗದೊಂದು. ನಾಲ್ಕನೆಯ ನೋಟು ಮುಗಿದಾಗ ಎದ್ದರು. ಅವರ ಲೆಕ್ಕದಲ್ಲಿ ಕಳೆದದ್ದು ಅರ್ಧ ಗಂಟೆ ಇರಬಹುದು. ಬಾಗಿಲು ಹುಡುಕಲು ಇನ್ನೊಂದಷ್ಟು ಹೊತ್ತಾಯಿತು. ಹೊರಗೆ ಬಂದರೆ ದೀಪಗಳ ಹಿಂದೆ ಆಕಾಶ ಕಪ್ಪಾಗಿತ್ತು.

ಪತ್ನಿ ಕುಳಿತಲ್ಲೇ ಕುಳಿತಿದ್ದರು. ಹುಡುಕಿಕೊಂಡು ಒಳಗೆ ಹೋದರೆ ಇಬ್ಬರೂ ತಪ್ಪಿಹೋಗುತ್ತೇವೆಂಬ ಭಯ ಅವರಿಗೆ. ಕೈಯಲ್ಲಿದ್ದ ನೀರಿನ ಬಾಟಲಿ ಎಂದೋ ಬರಿದಾಗಿತ್ತು. ಅವರು ಬಯ್ಯಲಿಲ್ಲ. ‘ಹೊತ್ತು ಮುಳುಗಿತು ರೀ’ ಎಂದಷ್ಟೇ ಹೇಳಿದರು.

ಮಗ ಬಂದು ವಿಷಯ ತಿಳಿದು ಕಳವಳಪಟ್ಟ. ‘ಅಮ್ಮಾ, ಇದು ಮರುಭೂಮಿ. ನೀರಾದರೂ ಕುಡಿ’ ಎಂದು ಬೇಡಿಕೊಂಡ. ‘ಬೆಳಿಗ್ಗೆ ಕುಡಿದರಾಯಿತು, ಒಂದು ರಾತ್ರಿಗೆ ಏನಾಗುತ್ತದೆ’ ಎಂದು ಅವರು ಮಲಗಿದರು. ಏನೂ ಆಗಲಿಲ್ಲ. ಅಧ್ಯಾಪಕರೂ ಆ ರಾತ್ರಿ ಉಣ್ಣಲಿಲ್ಲ. ಉಪವಾಸ ಅವರಿಗೆ ಕಷ್ಟವಾಗಲಿಲ್ಲ, ಕಷ್ಟವಾದದ್ದು ಬೇರೆ. ಧರ್ಮರಾಯನು ತನ್ನನ್ನು ಮೊದಲು ಸೋತು ಆಮೇಲೆ ತನ್ನನ್ನು ಒಡ್ಡಿದನೋ, ತನ್ನನ್ನು ಒಡ್ಡಿದ ಮೇಲೆ ತಾನು ಸೋತನೋ ಎಂಬ ದ್ರೌಪದಿಯ ಪ್ರಶ್ನೆಯನ್ನು ಅವರು ಮೂವತ್ತು ವರ್ಷ ತರಗತಿಯಲ್ಲಿ ಬಿಡಿಸಿದ್ದರು. ಜೂಜುಗಾರನು ಪಣಕ್ಕಿಡುವುದು ಯಾವಾಗಲೂ ತನ್ನದಲ್ಲದ ಒಂದನ್ನು ಎಂದು ಹೇಳಿಕೊಟ್ಟಿದ್ದರು. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಆ ಮಾತನ್ನು ಬರೆದು ಅಂಕ ಗಳಿಸಿದ್ದರು. ಅಂದು ಯಂತ್ರದ ಮುಂದೆ ಅವರು ಕಳೆದದ್ದು ಎಂಬತ್ತು ಡಾಲರ್, ಅದು ಅವರದೇ. ಸೋತದ್ದು ಪತ್ನಿಯ ಒಂದು ಹೊತ್ತಿನ ಅನ್ನ, ಒಂದು ರಾತ್ರಿಯ ನೀರು. ಅದು ಅವರದಾಗಿರಲಿಲ್ಲ.

ಈ ಘಟನೆಯಲ್ಲಿ ಒಂದು ಪ್ರಾಯೋಗಿಕ ಪಾಠವಿದೆ. ಮಿತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಆಡಿ ತೋರಿಸಬೇಕು, ಕಾಯುವವರಿಗೆ ತಿಳಿಸಬೇಕು, ಕಣ್ಣಿಗೆ ಕಾಣುವ ಗುರುತಿಗೆ ಕಟ್ಟಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕ ಎಂಬ ವ್ರತವನ್ನು ಹೇಳಿದೆ. ಇಂತಿಷ್ಟು ಕಾಲ, ಇಂತಿಷ್ಟು ಎಲ್ಲೆಯೊಳಗೇ ಇರುತ್ತೇನೆಂದು ಗೃಹಸ್ಥನು ಮಾಡಿಕೊಳ್ಳುವ ನಿಯಮ ಅದು. ಎಲ್ಲೆಯನ್ನು ಮನೆ, ಊರು, ಹೊಲ, ನದಿಗಳಂಥ ಗುರುತುಗಳಿಂದ ಸೂಚಿಸಬೇಕೆಂಬ ವಿವರ ಅಲ್ಲಿದೆ. ಮನಸ್ಸಿನ ಗೆರೆಯನ್ನು ಮನಸ್ಸೇ ಅಳಿಸಿಬಿಡುತ್ತದೆಂಬುದನ್ನು ಅರಿತವರ ವಿವರ ಅದು. ನಂಬಿಕೆ ಯಾವುದೇ ಇರಲಿ, ಈ ಊರಿಗೆ ಹೋಗುವವರಿಗೆ ಇದಕ್ಕಿಂತ ಉಪಯುಕ್ತವಾದ ಕ್ರಮ ಬೇರೆ ಇಲ್ಲ. ಆಡುವ ಹಣವನ್ನು ಬೇರೆ ಲಕೋಟೆಯಲ್ಲಿ ಇಟ್ಟುಕೊಂಡು, ಉಳಿದ ಹಣವನ್ನೂ ಕಾರ್ಡುಗಳನ್ನೂ ಕೋಣೆಯ ತಿಜೋರಿಯಲ್ಲಿ ಬಿಟ್ಟುಬರಬೇಕು. ಕೈಗಡಿಯಾರ ಕಟ್ಟಿಕೊಂಡು, ಏಳುವ ಹೊತ್ತಿಗೆ ಫೋನಿನಲ್ಲಿ ಗಂಟೆ ಇಟ್ಟುಕೊಳ್ಳಬೇಕು. ಗೆದ್ದದ್ದನ್ನು ಲಕೋಟೆಗೆ ಮತ್ತೆ ಸೇರಿಸಬಾರದು. ಕೋಣೆಯ ಕಾರ್ಡು ಪ್ರತಿಯೊಬ್ಬರ ಬಳಿಯೂ ಒಂದಿರಬೇಕು; ಕೇಳಿದರೆ ಎರಡನೆಯದನ್ನು ಕೊಡುತ್ತಾರೆ. ಹಿರಿಯರ ಫೋನು ಅಲ್ಲಿ ಕೆಲಸ ಮಾಡುವುದೇ ಎಂದು ನೋಡಿಕೊಂಡಿರಬೇಕು.

ಊಟದ ವಿಚಾರದಲ್ಲಿ ಶಾಕಾಹಾರಿಗಳಿಗೆ ತೊಂದರೆಯಿಲ್ಲ, ಎಚ್ಚರ ಮಾತ್ರ ಬೇಕು. ಭಾರತೀಯ ಹೋಟೆಲುಗಳೂ ದಿನಸಿ ಅಂಗಡಿಗಳೂ ಊರಿನಲ್ಲಿವೆ. ಬೇರೆ ಕಡೆ ಸೂಪಿನ ನೀರು ಮಾಂಸದ್ದೇ, ಬೇಯಿಸಿದ ಹುರುಳಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಬೇಕು. ಹೊತ್ತಿನೊಳಗೆ ಉಣ್ಣುವ ನಿಯಮವುಳ್ಳವರು ಸೂರ್ಯಾಸ್ತದ ವೇಳೆಯನ್ನು ಬರೆದಿಟ್ಟುಕೊಳ್ಳಬೇಕು: ಜೂನ್‌ನಲ್ಲಿ ಎಂಟು ಗಂಟೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಯೊಳಗೆ. ಬೀದಿಯಲ್ಲಿ ಉಚಿತ ಪ್ರದರ್ಶನದ ಚೀಟಿ ಕೊಡುತ್ತೇವೆಂದು ಕರೆಯುವವರ ಉದ್ದೇಶ ಸಾಮಾನ್ಯವಾಗಿ ರಜೆಯ ಮನೆಯ ಪಾಲನ್ನು ಮಾರುವುದು. ಅರ್ಧ ದಿನ ಹಾಳಾಗುತ್ತದೆ. ವೇಷ ಹಾಕಿ ನಿಂತವರ ಜೊತೆ ಚಿತ್ರ ತೆಗೆಸಿಕೊಂಡರೆ ಹಣ ಕೊಡಬೇಕು.

ಸಾಹಿತ್ಯ, ಇತಿಹಾಸಗಳ ವಿದ್ಯಾರ್ಥಿಗಳು ಜೂಜಿನಾಚೆಗೂ ನೋಡಬೇಕಾದದ್ದು ಈ ಊರಿನಲ್ಲಿ ಬಹಳ. ಕಳಚಿಹೋದ ಕ್ಯಾಸಿನೊಗಳ ದೀಪದ ಫಲಕಗಳನ್ನು ನಿಯಾನ್ ಮ್ಯೂಸಿಯಂ ಬಯಲಿನಲ್ಲಿ ಕಾಪಾಡಿದೆ; ಒಂದು ಬಗೆಯ ಶಾಸನ ಸಂಗ್ರಹವೆನ್ನಬಹುದು. ಸಂಘಟಿತ ಅಪರಾಧದ ವಿಚಾರಣೆ 1950ರಲ್ಲಿ ನಡೆದ ನ್ಯಾಯಾಲಯದ ಕಟ್ಟಡವೇ ಇಂದು ಮಾಬ್ ಮ್ಯೂಸಿಯಂ. 1951ರಿಂದ ಊರಿನ ವಾಯವ್ಯಕ್ಕೆ ನಡೆದ ಅಣುಬಾಂಬು ಪರೀಕ್ಷೆಗಳ ಕಥೆಗೂ ಒಂದು ಸಂಗ್ರಹಾಲಯವಿದೆ. ಆ ಬೆಳಕನ್ನು ನೋಡಲು ಅಂದು ಪ್ರವಾಸಿಗರು ಸೇರುತ್ತಿದ್ದರು. ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಿದ ಕಪ್ಪು ಕಲಾವಿದರಿಗೆ ಅದೇ ಹೋಟೆಲಿನಲ್ಲಿ ಕೋಣೆ ಕೊಡದಿದ್ದ ಕಾಲವೂ ಇತ್ತು. ಆ ಭೇದ ಮುರಿಯಲು 1960ರವರೆಗೆ ಕಾಯಬೇಕಾಯಿತು. ಸಂಶೋಧಕರಿಗೆ ನೆವಾಡ ವಿಶ್ವವಿದ್ಯಾಲಯದ ಲಾಸ್ ವೇಗಸ್ ಗ್ರಂಥಾಲಯದಲ್ಲಿ ಜೂಜಿನ ಇತಿಹಾಸದ ವಿಶೇಷ ಸಂಗ್ರಹವಿದೆ. ಬತ್ತಿದ ಒರತೆಗಳ ನೆಲೆಯನ್ನು ಸ್ಪ್ರಿಂಗ್ಸ್ ಪ್ರಿಸರ್ವ್ ಎಂಬ ಹೆಸರಿನಲ್ಲಿ ಉಳಿಸಿದ್ದಾರೆ. ಊರಿನ ಹೆಸರು ಅಲ್ಲಿ ನಿಂತಾಗ ಅರ್ಥವಾಗುತ್ತದೆ.

ಗ್ರ್ಯಾಂಡ್ ಕ್ಯಾನಿಯನ್ ವಿಷಯದಲ್ಲಿ ಹೊಸಬರು ಮೋಸಹೋಗುವುದುಂಟು. ಸುಮಾರು 200 ಕಿಲೋಮೀಟರ್ ದೂರದ ಪಶ್ಚಿಮ ಅಂಚು, ಗಾಜಿನ ಸೇತುವೆ ಇರುವುದು, ಹುವಾಲಪೈ ಜನರ ನೆಲ; ರಾಷ್ಟ್ರೀಯ ಉದ್ಯಾನವಲ್ಲ. ಚಿತ್ರಗಳಲ್ಲಿ ಪ್ರಸಿದ್ಧವಾದ ದಕ್ಷಿಣ ಅಂಚು ಸುಮಾರು 450 ಕಿಲೋಮೀಟರ್ ದೂರ. ಒಂದೇ ದಿನದಲ್ಲಿ ಹೋಗಿಬರುತ್ತೇವೆಂದು ಹೊರಟರೆ ಇಡೀ ದಿನ ಕಾರಿನಲ್ಲೇ ಕಳೆಯುತ್ತದೆ. ಹತ್ತಿರದಲ್ಲೇ, ಮೂವತ್ತು ಕಿಲೋಮೀಟರಿನೊಳಗೆ, ರೆಡ್ ರಾಕ್ ಕ್ಯಾನಿಯನ್ನಿನ ಕೆಂಪು ಬಂಡೆಗಳಿವೆ. ಬೇಸಗೆಯಲ್ಲಿ ಬೆಳಗಿನ ಜಾವವೇ ಅಲ್ಲಿಗೆ ಹೋಗಿಬರಬೇಕು.

ಮರುದಿನ ಬೆಳಿಗ್ಗೆ ಆ ಕುಟುಂಬ ಮೊದಲು ಹೋದದ್ದು ಹೂವರ್ ಅಣೆಕಟ್ಟೆಗೆ. 221 ಮೀಟರ್ ಎತ್ತರದ ಈ ಕಟ್ಟೆಯ ಕೆಲಸ ಮೊದಲಾದದ್ದೂ ಜೂಜು ಕಾನೂನುಬದ್ಧವಾದದ್ದೂ ಒಂದೇ ವರ್ಷ, 1931. ಕೆಲಸಗಾರರಿಗೆಂದು ಸರ್ಕಾರ ಕಟ್ಟಿದ ಬೌಲ್ಡರ್ ಸಿಟಿಯಲ್ಲಿ ಮಾತ್ರ ಅಂದೂ ಇಂದೂ ಜೂಜಿಗೆ ಎಡೆಯಿಲ್ಲ. ಕಟ್ಟೆಯ ಹಿಂದಿನ ಮೀಡ್ ಸರೋವರವೇ ಲಾಸ್ ವೇಗಸ್‌ಗೆ ಬೇಕಾದ ನೀರಿನ ನೂರಕ್ಕೆ ತೊಂಬತ್ತು ಪಾಲನ್ನು ಕೊಡುತ್ತದೆ. ಇಳಿದುಹೋದ ನೀರಿನ ಗುರುತಾಗಿ ಸುತ್ತಲ ಬಂಡೆಗಳ ಮೇಲೆ ಬಿಳಿಯ ಪಟ್ಟಿ ಎದ್ದು ಕಾಣುತ್ತದೆ. ದೀಪಗಳ ಊರು ನೀರಿನ ವಿಚಾರದಲ್ಲಿ ಮಾತ್ರ ಜೂಜಾಡುವುದಿಲ್ಲ: ಮನೆ, ಹೋಟೆಲುಗಳೊಳಗೆ ಬಳಸಿದ ನೀರನ್ನು ಬಹುಮಟ್ಟಿಗೆ ಶುದ್ಧಗೊಳಿಸಿ ಸರೋವರಕ್ಕೇ ಮರಳಿಸುತ್ತದೆ, ಹನಿಹನಿಗೆ ಲೆಕ್ಕ ಇಡುತ್ತದೆ.

ಕಟ್ಟೆಯ ಮೇಲೆ ಎರಡು ಗೋಪುರಗಳಲ್ಲಿ ಎರಡು ಗಡಿಯಾರಗಳಿವೆ. ಒಂದು ನೆವಾಡದ ಹೊತ್ತು, ಇನ್ನೊಂದು ಅರಿಜೋನದ್ದು. ಚಳಿಗಾಲದಲ್ಲಿ ಅವುಗಳ ನಡುವೆ ಒಂದು ಗಂಟೆಯ ಅಂತರ; ಬೇಸಗೆಯಲ್ಲಿ ಎರಡೂ ಒಂದೇ ಹೊತ್ತನ್ನು ತೋರಿಸುತ್ತವೆ. ಎರಡು ದಿನದ ಮೇಲೆ ಗೋಡೆಗೆ ಹಾಕಿದ ಗಡಿಯಾರವನ್ನು ಕಂಡದ್ದು ಅಲ್ಲಿಯೇ. ಅಧ್ಯಾಪಕರು ತಮ್ಮ ಕೈಗಡಿಯಾರವನ್ನು ಅದರೊಂದಿಗೆ ಹೊಂದಿಸಿಕೊಂಡರು. ಆಮೇಲೆ ಅದನ್ನು ಬಿಚ್ಚಿ ಪತ್ನಿಯ ಕೈಗೆ ಕೊಟ್ಟು, ‘ಇನ್ನು ಇದು ನಿನ್ನ ಹತ್ತಿರ ಇರಲಿ’ ಎಂದರು. ಆಕೆ ಅದನ್ನು ಚೀಲದಲ್ಲಿ ಹಾಕಿಕೊಂಡು, ಬಿಸಿಲು ಏರುತ್ತಿದೆ ಎಂದು ನೀರಿನ ಬಾಟಲಿಯನ್ನು ಮೊದಲು ಅವರ ಕಡೆಗೆ ಚಾಚಿದರು.